ಮಾರಿಸ್ ಟ್ರಾವರ್ಸ್

ಮಾರಿಸ್ ವಿಲಿಯಂ ಟ್ರಾವರ್ಸ್ (24 ಜನವರಿ 1872 – 25 ಆಗಸ್ಟ್ 1961) ಇಂಗ್ಲೆಂಡಿನ ಭೌತ ರಸಾಯನಶಾಸ್ತ್ರಜ್ಞ ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ನಿರ್ದೇಶಕ. ವಿಲಿಯಂ ರಾಮ್ಸೆ ಅವರೊಂದಿಗೆ ಕ್ರಿಪ್ಟಾನ್, ನಿಯಾನ್ ಮತ್ತು ಕ್ಸೆನಾನ್ ಎಂಬ ಮೂರು ಜಡಾನಿಲಗಳನ್ನು ಕಂಡುಹಿಡಿದವರು.

ಶಿಕ್ಷಣ ಮತ್ತು ಸಂಶೋಧನೆ

ಲಂಡನ್ನಿನಲ್ಲಿ ಜನಿಸಿದ ಟ್ರಾವರ್ಸ್ ಅಲ್ಲಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಅಲ್ಲಿಯೇ ರಾಮ್ಸೆ ಅವರ ಸಹಾಯಕರಾದರು. ದ್ರವರೂಪಕ್ಕೆ ತಂದ ಅನಿಲವನ್ನು ಆವಿಯಾಗಿಸಿದಾಗ, ಅದರ ಘಟಕಗಳು ತಮ್ಮ ಕುದಿಬಿಂದುಗಳಿಗೆ ಅನುಗುಣವಾಗಿ ಬೇರ್ಪಡುತ್ತವೆ. ಆಂಶಿಕ ಆಸವನ ಎಂಬ ಈ ವಿಧಾನವೇ ಅವರ ಶೋಧಗಳಿಗೆ ಆಧಾರವಾಯಿತು. 1898ರ ಮೇ ತಿಂಗಳಲ್ಲಿ ದ್ರವವಾಯುವಿನ ಬಹುಭಾಗ ಆವಿಯಾದ ಬಳಿಕ ಉಳಿದ ಶೇಷದಲ್ಲಿ, ಅದುವರೆಗೆ ಕಂಡಿರದ ರೋಹಿತ ರೇಖೆಗಳಿಂದ ಕ್ರಿಪ್ಟಾನ್ ಗುರುತಿಸಲ್ಪಟ್ಟಿತು. ಆರ್ಗಾನಿಗಿಂತ ಬೇಗ ಆವಿಯಾಗುವ ಭಾಗದಲ್ಲಿ ನಿಯಾನ್ ಜೂನ್‌ನಲ್ಲಿಯೂ, ಕ್ರಿಪ್ಟಾನಿಗಿಂತ ಭಾರವಾದ ಕ್ಸೆನಾನ್ ಜುಲೈನಲ್ಲಿಯೂ ದೊರೆತವು. 1904ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ರಾಮ್ಸೆ ಒಬ್ಬರಿಗೇ ಸಂದಿತು. ಅದೇ ವರ್ಷ ಟ್ರಾವರ್ಸ್ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು ಮತ್ತು ಬ್ರಿಸ್ಟಲ್‌ನಲ್ಲಿ ಪ್ರಾಧ್ಯಾಪಕರಾದರು.

ಬೆಂಗಳೂರಿನಲ್ಲಿ

ಜಮ್ಶೆಟ್‌ಜಿ ಟಾಟಾ ಯೋಜಿಸಿದ್ದ ಸಂಶೋಧನಾ ಸಂಸ್ಥೆಗೆ ರಾಮ್ಸೆ ಬೆಂಗಳೂರನ್ನು ಸೂಚಿಸಿದ್ದರು. ಮೈಸೂರು ಸಂಸ್ಥಾನವು 371 ಎಕರೆ ಜಮೀನನ್ನು ನೀಡಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ತಲುಪಿತ್ತು. 1906ರಲ್ಲಿ ನಿರ್ದೇಶಕರಾಗಿ ಬಂದ ಟ್ರಾವರ್ಸ್ ಸಂಸ್ಥೆಯ ಕಟ್ಟಡ, ಪ್ರಯೋಗಾಲಯ ಮತ್ತು ಬೋಧನಾಕ್ರಮಗಳನ್ನು ರೂಪಿಸುವ ಹೊಣೆ ಹೊತ್ತರು. 1909ರಲ್ಲಿ ಸಂಸ್ಥೆ ವಿಧ್ಯುಕ್ತವಾಗಿ ಸ್ಥಾಪನೆಗೊಂಡಿತು. 1911ರ ಜುಲೈನಲ್ಲಿ ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನ ವಿಭಾಗಗಳಿಗೆ ಮೊದಲ ವಿದ್ಯಾರ್ಥಿಗಳು ಸೇರಿದರು. ಇದರಿಂದ ಭಾರತದ ಪದವೀಧರರಿಗೆ ಸ್ವದೇಶದಲ್ಲಿಯೇ ಉನ್ನತ ಸಂಶೋಧನೆ ನಡೆಸಲು ಹೊಸ ಅವಕಾಶ ಒದಗಿತು. ಆದರೆ ಸಂಸ್ಥೆಯ ಆಡಳಿತದ ಕುರಿತು ಭಿನ್ನಾಭಿಪ್ರಾಯಗಳು ಬೆಳೆದವು. 1914ರಲ್ಲಿ ಅವರು ಹುದ್ದೆಯನ್ನು ತೊರೆದು ಇಂಗ್ಲೆಂಡಿಗೆ ಮರಳಿದರು.

ನಂತರದ ಜೀವನ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಟ್ರಾವರ್ಸ್ ವೈಜ್ಞಾನಿಕ ಗಾಜಿನ ತಯಾರಿಕೆಯಲ್ಲಿ ತೊಡಗಿದರು. 1927ರಲ್ಲಿ ಬ್ರಿಸ್ಟಲ್‌ಗೆ ಹಿಂದಿರುಗಿ, ಉಷ್ಣದಿಂದ ಸಾವಯವ ಆವಿಗಳು ವಿಭಜನೆಗೊಳ್ಳುವ ಬಗೆಯನ್ನು ಅಧ್ಯಯನ ಮಾಡಿದರು. 1937ರಲ್ಲಿ ನಿವೃತ್ತರಾದರು. ಜಡಾನಿಲಗಳ ಶೋಧದ ಇತಿಹಾಸವನ್ನು 1928ರಲ್ಲಿ, ರಾಮ್ಸೆ ಅವರ ಜೀವನಚರಿತ್ರೆಯನ್ನು 1956ರಲ್ಲಿ ಪ್ರಕಟಿಸಿದರು. ಗ್ಲಾಸ್ಟರ್‌ಶೈರಿನ ಸ್ಟ್ರೌಡ್‌ನಲ್ಲಿ ನಿಧನರಾದರು.