ಈಮ್ ಗ್ರಾಮದ ಪಾದ್ರಿ ವಿಲಿಯಂ ಮಾಂಪೆಸನ್

ಇಂಗ್ಲೆಂಡಿನ ಡರ್ಬಿಶೈರ್ ಪ್ರಾಂತದ ಗುಡ್ಡಗಾಡಿನಲ್ಲಿರುವ ಸಣ್ಣ ಹಳ್ಳಿ ಈಮ್. ಕೇಂಬ್ರಿಜ್‌ನಲ್ಲಿ ಓದಿದ ವಿಲಿಯಂ ಮಾಂಪೆಸನ್ 1664ರಲ್ಲಿ ಪತ್ನಿ ಕ್ಯಾಥರೀನ್ ಹಾಗೂ ಇಬ್ಬರು ಎಳೆಯ ಮಕ್ಕಳೊಡನೆ ಇಲ್ಲಿಗೆ ಪಾದ್ರಿಯಾಗಿ ಬಂದ. ಊರವರಿಗೆ ಈತನಲ್ಲಿ ಹೆಚ್ಚಿನ ಒಲವಿರಲಿಲ್ಲ. ಅಧಿಕೃತ ಪ್ರಾರ್ಥನಾ ಪುಸ್ತಕವನ್ನು ಒಪ್ಪದೆ 1662ರಲ್ಲಿ ಹುದ್ದೆ ಕಳೆದುಕೊಂಡ ಥಾಮಸ್ ಸ್ಟ್ಯಾನ್ಲಿಯನ್ನೇ ಅನೇಕರು ತಮ್ಮ ಗುರುವೆಂದು ಭಾವಿಸಿದ್ದರು.

1665ರಲ್ಲಿ ಲಂಡನ್ನಿನಿಂದ ದರ್ಜಿಯೊಬ್ಬನ ಮನೆಗೆ ಬಂದ ಬಟ್ಟೆಯ ಗಂಟಿನೊಳಗಿನ ಚಿಗಟಗಳಿಂದ ಪ್ಲೇಗು ಹಬ್ಬಿತೆಂಬುದು ಪ್ರಚಲಿತ ಕಥನ. ದರ್ಜಿಯ ಸಹಾಯಕ ಜಾರ್ಜ್ ವಿಕರ್ಸ್ ಸೆಪ್ಟೆಂಬರ್‌ನಲ್ಲಿ ಮೊದಲು ಮಡಿದ. ಚಳಿಗಾಲದಲ್ಲಿ ತಗ್ಗಿದ ಬೇನೆ ಮರುವರ್ಷದ ಬೇಸಗೆಯಲ್ಲಿ ಮತ್ತೆ ಏರಿತು. ಯಾರೂ ಊರ ಗಡಿ ದಾಟಬಾರದು, ಸುತ್ತಲ ಹಳ್ಳಿಗಳಾದರೂ ಉಳಿಯಲಿ ಎಂದು ಮಾಂಪೆಸನ್ ನಿಶ್ಚಯಿಸಿದ. ತನ್ನೊಬ್ಬನ ಮಾತಿಗೆ ಜನ ಒಪ್ಪಲಾರರೆಂದು ಅರಿತು, ಮತಭೇದವನ್ನು ಬದಿಗಿಟ್ಟು ಸ್ಟ್ಯಾನ್ಲಿಯ ನೆರವು ಪಡೆದ. ಈ ವೃತ್ತಾಂತದಲ್ಲಿ ಸ್ಟ್ಯಾನ್ಲಿಗೆ ಸಲ್ಲಬೇಕಾದ ಪಾಲು ಸಂದಿಲ್ಲವೆಂದೇ ಹೇಳಬೇಕು.

ಚರ್ಚಿನ ಬಾಗಿಲು ಮುಚ್ಚಿತು. ಕಕ್ಲೆಟ್ ಡೆಲ್ಫ್ ಎಂಬ ಬಯಲ ಕಣಿವೆಯಲ್ಲಿ ಪ್ರಾರ್ಥನೆ ನಡೆಯಿತು. ಸತ್ತವರನ್ನು ಮನೆಯವರೇ ಹೂಳಬೇಕಾಯಿತು. ಡೆವನ್‌ಶೈರಿನ ಅರ್ಲ್ ಆಹಾರ ಕಳುಹಿಸಿದ. ನೆರೆಯವರು ತಂದ ಸಾಮಗ್ರಿಗೆ ಬೆಲೆಯನ್ನು ಗಡಿಕಲ್ಲಿನ ಕುಳಿಗಳಲ್ಲಿ, ವಿನೆಗರ್‌ನಲ್ಲಿ ಮುಳುಗಿಸಿ ಇಡುತ್ತಿದ್ದರು. ಆ ಕಲ್ಲು ಈಗಲೂ ಇದೆ. ಎಲಿಜಬೆತ್ ಹ್ಯಾನ್ಕಾಕ್ ಎಂಬಾಕೆ ಎಂಟೇ ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಹೂತಳು. ಹೊಲದ ನಡುವಿನ ರೈಲಿ ಸಮಾಧಿಗಳು ಅವರವೇ.

ಮಾಂಪೆಸನ್ ತನ್ನ ಮಕ್ಕಳನ್ನು ಮೊದಲೇ ಯಾರ್ಕ್‌ಶೈರಿಗೆ ಕಳುಹಿಸಿದ್ದ. ಅದೇ ತಂದೆ ಬಳಿಕ ಇತರ ತಂದೆತಾಯಿಯರನ್ನು ಊರಲ್ಲೇ ಉಳಿಯಿರೆಂದು ಕೇಳಿಕೊಂಡ. ಇದನ್ನು ಮರೆಸಿ ಈತನನ್ನು ಹೊಗಳುವುದು ಸಲ್ಲದು. ಕ್ಯಾಥರೀನ್ ಮಾತ್ರ ಮಕ್ಕಳೊಡನೆ ಹೋಗಲೊಪ್ಪದೆ ರೋಗಿಗಳ ಶುಶ್ರೂಷೆಗೆ ನಿಂತು 1666ರ ಆಗಸ್ಟ್ 25ರಂದು ತೀರಿಕೊಂಡಳು. ಆಕೆಯ ಸಮಾಧಿ ಚರ್ಚಿನ ಅಂಗಳದಲ್ಲಿದೆ. ನವೆಂಬರ್‌ನಲ್ಲಿ ಬೇನೆ ನಿಂತಾಗ ಸತ್ತವರ ಲೆಕ್ಕ ಸುಮಾರು 260 ಎನ್ನುತ್ತಾರೆ.

1669ರಲ್ಲಿ ಈತ ನಾಟಿಂಗ್‌ಹ್ಯಾಮ್‌ಶೈರಿನ ಈಕ್ರಿಂಗ್ ಗ್ರಾಮಕ್ಕೆ ತೆರಳಿದ. ಪ್ಲೇಗಿನೂರಿನ ಪಾದ್ರಿಯೆಂದು ಹೆದರಿದ ಅಲ್ಲಿಯ ಜನ ಮೊದಮೊದಲು ಈತನನ್ನು ಊರೊಳಗೆ ಸೇರಿಸಲಿಲ್ಲ. ರಫರ್ಡ್ ಉದ್ಯಾನದ ಗುಡಿಸಲಿನಲ್ಲಿದ್ದುಕೊಂಡು ಮರದಡಿ ನಿಂತು ಬೋಧಿಸಿದನೆಂದು ಸ್ಥಳೀಯ ಪ್ರತೀತಿ. 1709ರಲ್ಲಿ ಸಾಯುವವರೆಗೂ ಈತ ಆ ಊರಿನ ಪಾದ್ರಿಯಾಗಿಯೇ ಉಳಿದ.