ಅರಸೀಕೆರೆ ಕರಡಿಯ ಬೆನ್ನು ಹತ್ತಿದ ಆಂಡರ್ಸನ್: ಎರಡನೇ ಗುಂಡಿಗೆ ಕೈಕೊಡದ ಕೋವಿಯ ಕಥೆ

ಅರಸೀಕೆರೆ: ಈ ತಾಲ್ಲೂಕಿನವರಿಗೆ ಕರಡಿ ಹೊಸದಲ್ಲ. ಬೆಳಗಿನ ಜಾವ ಹೊಲಕ್ಕೆ ಹೊರಟವರು ಇವತ್ತಿಗೂ ಗುಡ್ಡದ ಕಡೆ ಒಂದು ಸಲ ನೋಡಿಯೇ ಹೆಜ್ಜೆ ಇಡುತ್ತಾರೆ. ಆದ್ರೆ ನಮ್ಮ ಊರಿನ ಒಂದು ಕರಡಿ ಇಂಗ್ಲಿಷ್ ಪುಸ್ತಕ ಸೇರಿ ಪ್ರಪಂಚ ಸುತ್ತಿದೆ ಅನ್ನೋದು ಇಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದನ್ನು ಹೊಡೆದವರು, ಬರೆದವರು ಇಬ್ಬರೂ ಒಬ್ಬರೇ: ಕೆನೆತ್ ಆಂಡರ್ಸನ್. ಪೂರ್ಣಚಂದ್ರ ತೇಜಸ್ವಿ ಅವರ ‘ಕಾಡಿನ ಕತೆಗಳು’ ಓದಿದವರಿಗೆ ಈ ಹೆಸರು ಪರಿಚಯ ಇದ್ದೇ ಇರುತ್ತೆ.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಹೈದರಾಬಾದ್ ಹತ್ತಿರದ ಬೊಲಾರಂನಲ್ಲಿ. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಸೇಂಟ್ ಜೋಸೆಫ್ ಕಾಲೇಜಿನಲ್ಲಿ. ಲಾ ಓದಲಿ ಎಂದು ಮನೆಯವರು ಎಡಿನ್‌ಬರೋಗೆ ಕಳಿಸಿದರೆ, ಓದು ಅರ್ಧಕ್ಕೇ ಬಿಟ್ಟು ವಾಪಸ್ ಬಂದರು. ಸುಮಾರು 15 ವರ್ಷ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ದುಡಿದರು. ಆಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆ, ಅಂದ್ರೆ ಇವತ್ತಿನ ಎಚ್‌ಎಎಲ್‌ನಲ್ಲಿ ಪ್ಲಾನಿಂಗ್ ವಿಭಾಗದ ಮ್ಯಾನೇಜರ್ ಆದರು. ಕೆಲಸ ಕಾರ್ಖಾನೆಯದು, ಮನಸ್ಸು ಕಾಡಿನದು.

ಅವರ ಹೆಸರಿನ ಜೊತೆ ಸೇರಿಕೊಂಡಿರುವ ಕೋವಿ ವಿಂಚೆಸ್ಟರ್ ಕಂಪನಿಯ 1895ರ ಮಾದರಿಯ .405 ರೈಫಲ್. ವಿನ್ಯಾಸ ಅಮೆರಿಕದ ಜಾನ್ ಬ್ರೌನಿಂಗ್ ಅವರದು. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾ ಶಿಕಾರಿಗೆ ಹೋದಾಗಲೂ ಇದೇ ಮಾದರಿ ಒಯ್ದಿದ್ದರು.

ಇದು ಆಟೋಮ್ಯಾಟಿಕ್ ಅಲ್ಲ. ಟ್ರಿಗರ್ ಕೆಳಗೆ ಒಂದು ಲಿವರ್ ಇರುತ್ತೆ. ಗುಂಡು ಹಾರಿದ ಮೇಲೆ ಅದನ್ನು ಕೆಳಗೆ ಎಳೆದು ಮೇಲೆ ಒತ್ತಿದರೆ ಖಾಲಿ ತೋಟೆ ಹೊರಗೆ, ಹೊಸ ತೋಟೆ ಒಳಗೆ. ಮ್ಯಾಗಜೀನ್‌ನಲ್ಲಿ 4 ತೋಟೆ, ನಳಿಗೆಯಲ್ಲಿ 1. ಎರಡನೇ ಮಹಾಯುದ್ಧದಲ್ಲಿ ಬಂದ ಎಂ1 ಕಾರ್ಬೈನ್‌ನಂಥ ಸೆಮಿ ಆಟೋಮ್ಯಾಟಿಕ್ ಕೋವಿಯಲ್ಲಿ ಈ ಕೆಲಸ ಗುಂಡಿನ ಗ್ಯಾಸ್‌ನ ಒತ್ತಡದಿಂದ ತಾನೇ ನಡೆಯುತ್ತೆ. ಬೆರಳು ಒತ್ತುತ್ತಾ ಹೋದರೆ ಸಾಕು, 15 ಗುಂಡು.

ಹಾಗಾದರೆ ಕಾರ್ಬೈನೇ ಮೇಲಲ್ಲವೇ ಅನ್ನಿಸಬಹುದು. ಕಾಡಿನ ಲೆಕ್ಕ ಬೇರೆ. ಆ ಕಾರ್ಬೈನ್‌ನ ಗುಂಡು 110 ಗ್ರೇನ್ ತೂಕದ್ದು. .405ರ ಗುಂಡು 300 ಗ್ರೇನ್, ನಮ್ಮ ಚಿನ್ನದಂಗಡಿ ಲೆಕ್ಕದಲ್ಲಿ ಒಂದೂವರೆ ತೊಲಕ್ಕಿಂತ ಜಾಸ್ತಿ. ಸೆಕೆಂಡಿಗೆ ಸುಮಾರು 2,200 ಅಡಿ ವೇಗ. ಇನ್ನೊಂದು ವಿಷಯ, ಹಳೇ ತೋಟೆ ಸಿಡಿಯದೇ ಹೋದರೆ ಆಟೋಮ್ಯಾಟಿಕ್ ಕೋವಿ ಅಲ್ಲೇ ನಿಲ್ಲುತ್ತೆ, ಯಾಕಂದ್ರೆ ಅದು ನಡೆಯೋದೇ ಸಿಡಿದ ಗುಂಡಿನ ಬಲದ ಮೇಲೆ. ಕೈಯಿಂದ ಎಳೆದು ಮತ್ತೆ ಶುರು ಮಾಡಬೇಕು. ಲಿವರ್ ಕೋವಿ ನಡೆಯೋದು ಕೈ ಬಲದಿಂದಲೇ. ತೋಟೆ ಸಿಡಿಯಲಿ ಬಿಡಲಿ, ರೂಢಿಯಾದ ಕೈ ಅದೇ ಎಳೆತ ಎಳೆಯುತ್ತೆ, ಮುಂದಿನದು ಸಿದ್ಧ. ಮೈಮೇಲೆ ಬರುವ ಪ್ರಾಣಿ ಎದುರು ಇದೇ ಜೀವ ಉಳಿಸೋದು.

ಈ ಕೋವಿಗೂ ಕೊರತೆ ಇತ್ತು. ಒದೆತ ಜೋರು, ಹಿಡಿಯ ಹಿಂದಿನ ಮರದಲ್ಲಿ ಸೀಳು ಬೀಳೋದು ಈ ಮಾದರಿಯ ಹೆಸರಾದ ರೋಗ. ಲಿವರ್ ಎಳೆದಾಗ ಮೇಲ್ಭಾಗ ಪೂರ್ತಿ ತೆರೆದುಕೊಳ್ಳುತ್ತೆ, ಧೂಳು ಕಸ ಒಳಗೆ ಹೋಗುತ್ತೆ. ಬಿಡಿಭಾಗ ಜಾಸ್ತಿ. ಒರೆಸಿ, ಎಣ್ಣೆ ಹಚ್ಚಿ ನೋಡಿಕೊಳ್ಳುವವನ ಕೈಲಿ ಮಾತ್ರ ಅದು ನಂಬಿಕಸ್ಥ.

ಕೋವಿ ಕೈಕೊಟ್ರೆ ಹೊಡೆದವನಿಗೆ ಮಾತ್ರ ಕಷ್ಟ ಅಲ್ಲ. ಆಂಡರ್ಸನ್ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಇದು. ಹಳ್ಳಿಯ ಹಳೇ ಕೋವಿಯಿಂದ, ಸಣ್ಣ ಚರೆಯಿಂದ ಅರ್ಧಂಬರ್ಧ ಗಾಯವಾದ ಹುಲಿ, ಚಿರತೆ ಬೇಟೆ ಆಡಲಾಗದೆ ಮನುಷ್ಯರ ಮೇಲೆ ಬೀಳುತ್ತಿದ್ದವು. ಹೊಡೆದವನು ಮನೆಗೆ ಹೋಗಿ ಮಲಗುತ್ತಾನೆ, ಸಾಯೋದು ಮಾರನೇ ದಿನ ಸೌದೆಗೆ ಹೋದ ಪಕ್ಕದ ಊರಿನವರು.

ಅರಸೀಕೆರೆಗೆ ಅವರನ್ನು ಕರೆತಂದದ್ದು ಗೆಳೆತನ. ಇಲ್ಲಿಂದ ಶಿವಮೊಗ್ಗ ಕಡೆ ಹೋಗುವ ರಸ್ತೆ ಬದಿಯ ದರ್ಗಾ ನೋಡಿಕೊಳ್ಳುತ್ತಿದ್ದ ವೃದ್ಧರೊಬ್ಬರು ಅವರಿಗೆ ಬೇಕಾದವರು. ಊರಿನ ಪೂರ್ವಕ್ಕಿರುವ ಗುಡ್ಡದಿಂದ ಇಳಿದು ಬರುತ್ತಿದ್ದ ಕರಡಿ ಒಂದು ರಾತ್ರಿ ಆ ವೃದ್ಧರ ಹರೆಯದ ಮಗನನ್ನೇ ಕೊಂದಿತು. ಸುದ್ದಿ ತಿಳಿದು ಆಂಡರ್ಸನ್ ಬೆಂಗಳೂರಿನಿಂದ ಬಂದರು, ಗುಡ್ಡ ಸುತ್ತಿದರು. ಆದ್ರೆ ಮೊದಲ ಸಲ ಬರಿಗೈಲಿ ವಾಪಸ್. ಮುಂದೆ ಅದೇ ಕರಡಿ ಚಿಕ್ಕಮಗಳೂರು ಕಡೆಯ ಸಖರಾಯಪಟ್ಟಣದ ಹತ್ತಿರ ಜನರ ಮೇಲೆ ಬಿದ್ದಾಗ, ಅರಣ್ಯ ಇಲಾಖೆಯಿಂದ ಕರೆ ಬಂತು. ಅಲ್ಲಿ ಅದು ಅವರ ಗುಂಡಿಗೆ ಬಿತ್ತು. ಅಷ್ಟರಲ್ಲಿ ಕನಿಷ್ಠ 12 ಜನ ಸತ್ತು, ಎರಡು ಡಜನ್ ಜನ ಗಾಯಗೊಂಡಿದ್ದರು ಎನ್ನುತ್ತದೆ ಅವರ ಬರಹ. ಈ ಕಥೆ 1957ರಲ್ಲಿ ಪುಸ್ತಕವಾಗಿ ಬಂತು. ಪಕ್ಕದ ಎಮ್ಮೆದೊಡ್ಡಿ, ಹೊಸದುರ್ಗ, ಹೊಳಲ್ಕೆರೆ ಹುಲಿಗಳ ಕಥೆಯನ್ನೂ ಅವರು ಬರೆದಿದ್ದಾರೆ.

1939ರಿಂದ 1966ರವರೆಗೆ ಸರ್ಕಾರಿ ದಾಖಲೆ ಪ್ರಕಾರ ಅವರು ಹೊಡೆದ ನರಭಕ್ಷಕಗಳು 8 ಚಿರತೆ, 7 ಹುಲಿ. ಕೊನೆಯ ವರ್ಷಗಳಲ್ಲಿ ಕೋವಿ ಬದಿಗಿಟ್ಟು ಕ್ಯಾಮೆರಾ ಹಿಡಿದರು, ಕಾಡು ಉಳಿಯಬೇಕು ಎಂದು ಬರೆದರು. ಕ್ಯಾನ್ಸರ್‌ನಿಂದ 1974ರ ಆಗಸ್ಟ್ 30ರಂದು ತೀರಿಕೊಂಡರು. ಅದಕ್ಕೂ ಎರಡು ವರ್ಷ ಮೊದಲು, 1972ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತ್ತು.

ಇವತ್ತು ಅರಸೀಕೆರೆ ಗುಡ್ಡಗಳಲ್ಲಿ ಕರಡಿಧಾಮವೇ ಇದೆ. ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿಗಳು ಚುನಾವಣೆ ಬಂದಾಗ ಪೊಲೀಸ್ ಠಾಣೆ ಸೇರಿ, ಮುಗಿದ ಮೇಲೆ ಅಟ್ಟಕ್ಕೆ ವಾಪಸ್ ಬರುತ್ತವೆ. ಕರಡಿ ಕಂಡಾಗ ಈಗ ಮೊದಲು ಹೋಗಬೇಕಾದ್ದು ಅರಣ್ಯ ಇಲಾಖೆಗೆ ಫೋನು. ಅಟ್ಟದ ಮೇಲಿನ ತುಕ್ಕು ಹಿಡಿದ ಕೋವಿ ಇಳಿಸಿ ಒಂದು ಗುಂಡು ಹಾರಿಸಿದರೆ, ಆ ಗಾಯದ ಸಾಲ ತೀರಿಸೋದು ಹೊಡೆದವರಲ್ಲ, ಪಕ್ಕದ ಹೊಲದವರು.