ಹೆಬ್ಬೆಟ್ಟಿನವರಿಗೆ ಅಕ್ಷರ ಕಲಿಸಿ ಜೈಲು ಸೇರಿದ ಮೇಷ್ಟ್ರು: ಪಾವ್ಲೊ ಫ್ರೇರೆ

ಓದು ಬರಹ ಬಾರದ ದೊಡ್ಡವರಿಗೆ ಅಕ್ಷರ ಕಲಿಸಿದರೆ ಯಾರಾದರೂ ಜೈಲಿಗೆ ಹಾಕ್ತಾರಾ? 1964ರಲ್ಲಿ ಬ್ರೆಜಿಲ್ ದೇಶದಲ್ಲಿ ಹಾಕಿದ್ದರು. ಆ ಮೇಷ್ಟ್ರೇ ಪಾವ್ಲೊ ಫ್ರೇರೆ. ವಯಸ್ಕರ ಶಿಕ್ಷಣದ ಮಾತು ಬಂದಲ್ಲೆಲ್ಲ ಇವತ್ತಿಗೂ ಇವರ ಹೆಸರು ಬರುತ್ತದೆ.

ಫ್ರೇರೆ ಹುಟ್ಟಿದ್ದು 1921ರ ಸೆಪ್ಟೆಂಬರ್ 19ರಂದು, ಬ್ರೆಜಿಲ್‌ನ ಈಶಾನ್ಯ ಭಾಗದ ರೆಸಿಫೆ ಪಟ್ಟಣದಲ್ಲಿ. ಮನೆ ಹಿತ್ತಲಿನ ಮಾವಿನ ಮರದ ನೆರಳಲ್ಲಿ, ನೆಲದ ಮೇಲೆ ಕಡ್ಡಿಯಿಂದ ಬರೆದು ಅಪ್ಪ ಅಮ್ಮನಿಂದ ಅಕ್ಷರ ಕಲಿತರು. 1929ರ ಆರ್ಥಿಕ ಕುಸಿತದ ನಂತರ ಮನೆಯಲ್ಲಿ ಬಡತನ ಬಂತು. 13ನೇ ವಯಸ್ಸಿಗೆ ತಂದೆಯೂ ತೀರಿಕೊಂಡರು. ಹಸಿದ ಹೊಟ್ಟೆಗೆ ಪಾಠ ತಲೆಗೆ ಹತ್ತೋದಿಲ್ಲ ಅನ್ನೋದು ಅವರಿಗೆ ಗೊತ್ತಾಗಿದ್ದು ಆಗಲೇ.

ಮುಂದೆ ಕಾನೂನು ಓದಿದರು. ವಕೀಲಿಕೆಗೆ ಸಿಕ್ಕ ಮೊದಲ ಕೇಸು, ಸಾಲ ತೀರಿಸಲಾಗದ ಒಬ್ಬ ಹಲ್ಲಿನ ಡಾಕ್ಟರನಿಂದ ವಸೂಲಿ ಮಾಡುವುದು. ಅವನ ಕಷ್ಟ ಕೇಳಿ ಕೇಸನ್ನೂ ಬಿಟ್ಟರು, ವಕೀಲಿಕೆಯನ್ನೂ ಬಿಟ್ಟರು. ಶಿಕ್ಷಕಿಯಾಗಿದ್ದ ಪತ್ನಿ ಎಲ್ಸಾ ಜೊತೆ ನಿಂತರು. ಫ್ರೇರೆ ಪಾಠದ ದಾರಿಯಲ್ಲೇ ಉಳಿದರು.

ಇಟ್ಟಿಗೆಯಿಂದ ಶುರುವಾದ ಪಾಠ

ಅ, ಆ ಅಂತ ಬಾಯಿಪಾಠ ಮಾಡಿಸುವ ಪದ್ಧತಿ ಫ್ರೇರೆಗೆ ಒಪ್ಪಿಗೆ ಇರಲಿಲ್ಲ. ಮೊದಲು ಊರಿನ ಜನರ ಜೊತೆ ಕೂತು, ಅವರು ದಿನಾ ಆಡುವ ಮಾತು ಕೇಳಿಸಿಕೊಳ್ಳುತ್ತಿದ್ದರು. ಅದರಿಂದ ಹದಿನೈದು ಇಪ್ಪತ್ತು ಪದ ಆರಿಸಿಕೊಳ್ಳುತ್ತಿದ್ದರು.

ಗಾರೆ ಕೆಲಸದವರಾದರೆ ಪದ 'ತಿಜೋಲೊ', ಅಂದರೆ ಇಟ್ಟಿಗೆ. ಮೊದಲು ಚಿತ್ರ ತೋರಿಸಿ ಚರ್ಚೆ: ಮನೆ ಕಟ್ಟೋರು ಯಾರು, ಅದರಲ್ಲಿ ಇರೋರು ಯಾರು? ಆಮೇಲೆ ಪದವನ್ನು ತಿ-ಜೋ-ಲೊ ಅಂತ ಬಿಡಿಸುವುದು. ನಮ್ಮ ಕಾಗುಣಿತದ ಹಾಗೆಯೇ ತ-ತೆ-ತಿ-ತೊ-ತು, ಜ-ಜೆ-ಜಿ-ಜೊ-ಜು, ಲ-ಲೆ-ಲಿ-ಲೊ-ಲು ಎಂದು ಸಾಲು ಹಾಕುವುದು. ಅವೇ ಅಕ್ಷರಗಳನ್ನು ಜೋಡಿಸಿ ಕಲಿಯುವವರೇ ಹೊಸ ಪದ ಕಟ್ಟುತ್ತಿದ್ದರು. 'ಲೋಜ' ಅಂದರೆ ಅಂಗಡಿ. 'ಲೂತ' ಅಂದರೆ ಹೋರಾಟ.

1963ರಲ್ಲಿ ಅಂಜಿಕೋಸ್ ಎಂಬ ಸಣ್ಣ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳ ಪಾಠ ನಡೆಯಿತು. ಕೊನೆಯ ದಿನ ಅಧ್ಯಕ್ಷ ಗೂಲಾರ್ತ್ ಅವರೇ ಬಂದಿದ್ದರು. ದೇಶದ ತುಂಬ ಇಂಥ 20 ಸಾವಿರ ಕೂಟಗಳನ್ನು ತೆರೆಯುವ ಯೋಜನೆ ಸಿದ್ಧವಾಯಿತು.

ಮತದ ಲೆಕ್ಕ

ನಮ್ಮಲ್ಲಿ 1951-52ರ ಮೊದಲ ಚುನಾವಣೆಯಲ್ಲೇ ಓದು ಬಾರದವರೂ ಚಿಹ್ನೆ ನೋಡಿ ಮತ ಹಾಕಿದರು. ಬ್ರೆಜಿಲ್‌ನಲ್ಲಿ ಹಾಗಿರಲಿಲ್ಲ. ಅಕ್ಷರ ಬಾರದವರಿಗೆ ಅಲ್ಲಿ ಮತವೇ ಇರಲಿಲ್ಲ. ಹಾಗಾಗಿ ಕೂಲಿಯವನೊಬ್ಬ ಓದೋಕೆ ಬರೆಯೋಕೆ ಕಲಿತರೆ ಒಬ್ಬ ಹೊಸ ಮತದಾರ ಹುಟ್ಟಿದ ಹಾಗೆ. ದೊಡ್ಡ ಜಮೀನುದಾರರಿಗೆ ಇದು ಸರಿಬರಲಿಲ್ಲ. 1964ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು, ಯೋಜನೆ ರದ್ದಾಯಿತು. ಎರಡು ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿದ್ದ ಫ್ರೇರೆ ಆಮೇಲೆ ದೇಶವನ್ನೇ ಬಿಡಬೇಕಾಯಿತು. ಬೊಲಿವಿಯಾ, ಚಿಲಿ, ಅಮೆರಿಕ, ಜಿನೀವಾ ಅಂತ ಸುಮಾರು 15 ವರ್ಷ ಪರದೇಶವಾಸ. 'ಪೆಡಗಾಜಿ ಆಫ್ ದಿ ಅಪ್ರೆಸ್ಡ್' ಎಂಬ ಅವರ ಹೆಸರಾಂತ ಪುಸ್ತಕ ಬರೆದದ್ದು ಚಿಲಿಯಲ್ಲಿ.

ಸೋಲು ಕಲಿಸಿದ ಪಾಠ

1975ರಲ್ಲಿ ಆಫ್ರಿಕಾದ ಗಿನಿ-ಬಿಸ್ಸಾವ್ ಸರ್ಕಾರ ಫ್ರೇರೆಯನ್ನು ಕರೆಸಿಕೊಂಡಿತು. ದೇಶ ಪೋರ್ಚುಗೀಸರಿಂದ ಆಗಷ್ಟೇ ಸ್ವತಂತ್ರವಾಗಿತ್ತು. ಆದರೆ ಪಾಠ ಪೋರ್ಚುಗೀಸಿನಲ್ಲೇ ನಡೆಯಬೇಕೆಂದು ಸರ್ಕಾರ ತೀರ್ಮಾನಿಸಿತು. ಜನ ಆಡುತ್ತಿದ್ದುದು ಕ್ರಿಯೋಲ್, ಬಲಾಂತ, ಫೂಲ, ಮಂಡಿಂಗ ಭಾಷೆಗಳನ್ನು. ಪೋರ್ಚುಗೀಸ್ ಬಲ್ಲವರು ತೀರಾ ಕಡಿಮೆ. ಹೊಲದಲ್ಲೂ ಸಂತೆಯಲ್ಲೂ ಕಿವಿಗೆ ಬೀಳದ ಭಾಷೆಯಲ್ಲಿ ಅಕ್ಷರ ಕಲಿ ಅಂದರೆ ಎರಡು ಹೊರೆ ಒಟ್ಟಿಗೆ ಹೊರಿಸಿದ ಹಾಗೆ. ಬ್ರೆಜಿಲ್‌ನಲ್ಲಿ ಫಲ ಕೊಟ್ಟ ವಿಧಾನ ಇಲ್ಲಿ ಕೈಕೊಟ್ಟಿತು. ಸೋಲಿಗೆ ಭಾಷೆಯೇ ದೊಡ್ಡ ಕಾರಣ ಎಂದು ಫ್ರೇರೆ ಮುಂದೆ ಒಪ್ಪಿಕೊಂಡರು. ಎರಡನೇ ಭಾಷೆಯಲ್ಲಿ ಬರಹ ಕಲಿಸುವವರು ಈ ಪ್ರಸಂಗವನ್ನು ಈಗಲೂ ಓದುತ್ತಾರೆ.

1980ರಲ್ಲಿ ತಾಯ್ನಾಡಿಗೆ ಮರಳಿದ ಅವರು 1989ರಿಂದ 1991ರವರೆಗೆ ಸಾವೊ ಪಾವ್ಲೊ ನಗರದ ಶಿಕ್ಷಣ ಕಾರ್ಯದರ್ಶಿಯಾಗಿದ್ದರು. ಅಕ್ಷರ ಬಾರದವರಿಗೆ ಮತದ ಹಕ್ಕು ಸಿಕ್ಕಿದ್ದು 1985ರಲ್ಲಿ. ಅದನ್ನು ಕಣ್ಣಾರೆ ನೋಡುವ ಭಾಗ್ಯ ಫ್ರೇರೆಗಿತ್ತು. 1997ರ ಮೇ 2ರಂದು, 75ನೇ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ಒಂದು ಕಾಲಕ್ಕೆ ಜೈಲಿಗೆ ಹಾಕಿದ್ದ ದೇಶವೇ 2012ರಲ್ಲಿ ಕಾನೂನು ಮಾಡಿ ಅವರನ್ನು ಬ್ರೆಜಿಲ್ ಶಿಕ್ಷಣದ ಪೋಷಕ ಎಂದು ಘೋಷಿಸಿತು.